ಹಸಿರು ಗುರುತು ತೋರಿಸಿ ಕೈಬಿಡುವ ನಿಮ್ಮ ‘ಕಂಪ್ಯೂಟರ್ ಸಿದ್ಧತಾ ಪರೀಕ್ಷೆ’ಯ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕೋರ್ಸಿಗೆ ಸೇರುವ ಮುನ್ನ ನಡೆಸುವ ಕಂಪ್ಯೂಟರ್ ಪರೀಕ್ಷೆ ತಪ್ಪು ಭರವಸೆ ಕೊಡುತ್ತಿರುವುದು ಮತ್ತು ಅದನ್ನೇ ಮುಂದಿಟ್ಟು ಶುಲ್ಕ ವಾಪಸಾತಿ ನಿರಾಕರಿಸುತ್ತಿರುವುದು.

ಮಾನ್ಯರೇ,

ಮನೆಯ ಕಂಪ್ಯೂಟರನ್ನು ಆನ್‌ಲೈನ್ ಕಲಿಕೆಗೆ ಸಜ್ಜು ಮಾಡಿಕೊಡುವುದು ನಮ್ಮ ಕೆಲಸ. ನಿಮ್ಮ ಕೋರ್ಸುಗಳಿಗೆ ಸೇರಿದವರು ತರುವ ಯಂತ್ರಗಳಲ್ಲಿ ಒಂದೇ ತಕರಾರು ಮತ್ತೆ ಮತ್ತೆ ಕಾಣುತ್ತಿದೆ. ಹಣ ಕಟ್ಟುವ ಮೊದಲು ನಿಮ್ಮ ತಾಣದ ಪರೀಕ್ಷೆ ‘ನಿಮ್ಮ ಕಂಪ್ಯೂಟರ್ ಸಿದ್ಧವಾಗಿದೆ’ ಎಂದು ಹಸಿರು ಗುರುತು ತೋರಿಸಿರುತ್ತದೆ. ಮೊದಲ ನೇರ ತರಗತಿಯಲ್ಲೇ ದನಿ ಕಡಿಯುತ್ತದೆ, ಚಿತ್ರ ನಿಲ್ಲುತ್ತದೆ. ಕೋರ್ಸಿನ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯೇ ತೆರೆಯುವುದಿಲ್ಲ. ಶುಲ್ಕ ವಾಪಸ್ ಕೇಳಿದರೆ ‘ಸಿದ್ಧತಾ ಪರೀಕ್ಷೆಯಲ್ಲಿ ಪಾಸಾಗಿದೆ, ದೋಷ ನಿಮ್ಮ ಇಂಟರ್ನೆಟ್ಟಿನದು’ ಎಂಬ ಸಿದ್ಧ ಉತ್ತರ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

ನಿಮ್ಮ ಸಿದ್ಧತಾ ಪರೀಕ್ಷೆ ನೋಡುವುದು ಮೂರನ್ನೇ: ಬ್ರೌಸರ್ ಯಾವುದು, ಪರದೆಯ ಅಗಲ ಎಷ್ಟು, ಡೌನ್‌ಲೋಡ್ ವೇಗ ಎಷ್ಟು. ತರಗತಿ ಕೆಡುವುದು ಹೆಚ್ಚಾಗಿ ಈ ಮೂರರಿಂದಲ್ಲ.

ವೇಗವನ್ನೇ ಮೊದಲು ನೋಡೋಣ. ರೆಕಾರ್ಡ್ ಮಾಡಿದ ಪಾಠ ನೋಡಲು ಡೌನ್‌ಲೋಡ್ ಸಾಕು. ನೇರ ತರಗತಿಯಲ್ಲಿ ಕ್ಯಾಮೆರಾ ಹಾಕಿ ಮಾತಾಡುವವರಿಗೆ ಹೊರಗೆ ಕಳಿಸುವ ವೇಗ, ಅಂದರೆ ಅಪ್‌ಲೋಡ್ ಬೇಕು. ಎಷ್ಟೋ ಮನೆ ಸಂಪರ್ಕಗಳಲ್ಲಿ ಡೌನ್‌ಲೋಡ್ 40 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದರೂ ಅಪ್‌ಲೋಡ್ 1 ಎಂಬಿಪಿಎಸ್ ಮಾತ್ರ. ನೀವು ಕೊಡುವ ವಿಡಿಯೊ ಅಸೈನ್‌ಮೆಂಟಿಗೆ 150 ಎಂಬಿ ಮಿತಿ ಇದೆ. ಎಂಬಿ ಎಂದರೆ ಮೆಗಾಬೈಟ್; ಸಂಪರ್ಕದ ವೇಗ ಮೆಗಾಬಿಟ್ ಲೆಕ್ಕದ್ದು. ಒಂದು ಬೈಟ್ ಎಂದರೆ 8 ಬಿಟ್, ಆದ್ದರಿಂದ 150ನ್ನು 8ರಿಂದ ಗುಣಿಸಿದರೆ 1200 ಮೆಗಾಬಿಟ್. 1 ಎಂಬಿಪಿಎಸ್‌ನಲ್ಲಿ ಅದು ಹೋಗಲು 1200 ಸೆಕೆಂಡು, ಅಂದರೆ 20 ನಿಮಿಷ ಬೇಕು. ನಿಮ್ಮ ಅಪ್‌ಲೋಡ್ ಪುಟದ ಸೆಷನ್ 15 ನಿಮಿಷಕ್ಕೆ ಮುಗಿದು ಮತ್ತೆ ಲಾಗಿನ್ ಕೇಳುತ್ತದೆ, ಫೈಲು ಮೊದಲಿನಿಂದ ಶುರುವಾಗುತ್ತದೆ. ಇಂಥ ಸಂಪರ್ಕದಿಂದ ಆ ಫೈಲು ನಿಮಗೆ ಎಂದಿಗೂ ತಲುಪುವಂತಿಲ್ಲ. ವಿದ್ಯಾರ್ಥಿ ರಾತ್ರಿಯಿಡೀ ಕೂತರೂ ತಲುಪುವುದಿಲ್ಲ. ಇದನ್ನು ‘ತಡವಾಗಿ ಸಲ್ಲಿಕೆ’ ಎಂದು ಅಂಕ ಕಡಿಯುವುದು ಸರಿಯಲ್ಲ. ನಿಂತಲ್ಲಿಂದಲೇ ಮುಂದುವರಿಯುವ ಅಪ್‌ಲೋಡ್ ವ್ಯವಸ್ಥೆ ಹೊಸದೇನೂ ಅಲ್ಲ, ಅದನ್ನು ಹಾಕಿ.

ವೇಗಕ್ಕಿಂತ ದೊಡ್ಡ ತೊಂದರೆ ಏರಿಳಿತ. ಸರಾಸರಿ ಚೆನ್ನಾಗಿದ್ದು, ನಡುನಡುವೆ ಅರ್ಧ ಸೆಕೆಂಡು ತಡವಾಗುವ ಸಂಪರ್ಕದಲ್ಲಿ ಡೌನ್‌ಲೋಡ್ ಪರೀಕ್ಷೆ ಭರ್ತಿ ಅಂಕ ಕೊಡುತ್ತದೆ, ಮಾತು ಮಾತ್ರ ತುಂಡಾಗುತ್ತದೆ. ಕಾರಣ ಬಹುತೇಕ ವೈಫೈ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಅಕ್ಕಪಕ್ಕದ ಮನೆಗಳ ರೂಟರ್‌ಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಕಿಕ್ಕಿರಿದಿರುತ್ತವೆ. 5 ಗಿಗಾಹರ್ಟ್ಸ್ ಸಾಮಾನ್ಯವಾಗಿ ಅಷ್ಟು ಕಿಕ್ಕಿರಿದಿರುವುದಿಲ್ಲ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ದೋಷ ಎಲ್ಲಿದೆ ಎಂದು ತಿಳಿಯುವುದು ಕಷ್ಟವಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ ಆದೇಶ ಕೊಟ್ಟರೆ ‘ಡೀಫಾಲ್ಟ್ ಗೇಟ್‌ವೇ’ ಸಾಲಿನಲ್ಲಿ ರೂಟರಿನ ವಿಳಾಸ ಸಿಗುತ್ತದೆ. ಆ ವಿಳಾಸಕ್ಕೆ 50 ಸಲ ಪಿಂಗ್ ಮಾಡಬೇಕು, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆಂದು ನೋಡಬೇಕು. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು, ಒಂದೂ ತಪ್ಪಬಾರದು. ರೂಟರಿಗೇ 100, 200 ಮಿಲಿಸೆಕೆಂಡು ಹಿಡಿಯುತ್ತಿದ್ದರೆ ದೋಷ ಮನೆಯೊಳಗಿನ ವೈಫೈದು, ಹೊರಗಿನ ಲೈನಿನದಲ್ಲ. ರೂಟರಿನಿಂದ ಕಂಪ್ಯೂಟರಿಗೆ ಒಂದು ಕ್ಯಾಟ್-5ಇ ನೆಟ್‌ವರ್ಕ್ ಕೇಬಲ್ ಎಳೆದರೆ ಮುಗಿಯುತ್ತದೆ. ನಿಮ್ಮ ಸಹಾಯವಾಣಿ ಇಷ್ಟು ಹೇಳಿಕೊಡದೆ ‘ಹೆಚ್ಚು ವೇಗದ ಪ್ಲಾನ್ ತೆಗೆದುಕೊಳ್ಳಿ’ ಎನ್ನುತ್ತದೆ. ಜನ ಪ್ಲಾನ್ ಬದಲಿಸುತ್ತಾರೆ, ದನಿ ಕಡಿಯುವುದು ಮಾತ್ರ ನಿಲ್ಲುವುದಿಲ್ಲ.

ಮೆಮೊರಿಯ, ಅಂದರೆ ರ‍್ಯಾಮ್‌ನ ಬಗ್ಗೆ ನಿಮ್ಮ ಪುಟದಲ್ಲಿ ಒಂದು ಸಾಲೂ ಇಲ್ಲ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ವಿಂಡೋಸ್ ತಾನೇ ಸುಮಾರು ಅರ್ಧ ಭಾಗ ಹಿಡಿದಿರುತ್ತದೆ. ಅದರ ಮೇಲೆ ವಿಡಿಯೊ ಕರೆ, ಪಾಠದ ಟ್ಯಾಬ್, ಪಿಡಿಎಫ್, ಆಂಟಿವೈರಸ್. ರ‍್ಯಾಮ್ ತುಂಬಿದೊಡನೆ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ತಳ್ಳುತ್ತದೆ. ಡಿಸ್ಕು ಹಳೆಯ ಹಾರ್ಡ್ ಡಿಸ್ಕಾದರೆ ಅಲ್ಲಿಗೆ ಎಲ್ಲವೂ ಹೆಪ್ಪುಗಟ್ಟುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಮೆಮೊರಿ ಶೇ. 90 ದಾಟಿ, ಡಿಸ್ಕ್ ಶೇ. 100ರಲ್ಲಿ ನಿಂತಿರುವುದು ಕಾಣುತ್ತದೆ. ನೋಡುವವರಿಗೆ ಇದು ಥೇಟ್ ನೆಟ್ ನಿಧಾನವಾದಂತೆಯೇ ತೋರುತ್ತದೆ. ಪರಿಹಾರ 8 ಜಿಬಿ ರ‍್ಯಾಮ್, ಜೊತೆಗೆ ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ. ರ‍್ಯಾಮ್ ಕೊಳ್ಳುವಾಗ ಹಳೆಯ ಪೀಳಿಗೆಯ ಡಿಡಿಆರ್3 ಸ್ಲಾಟಿಗೆ ನಂತರದ ಪೀಳಿಗೆಯ ಡಿಡಿಆರ್4 ಕೂರುವುದಿಲ್ಲ, ಲ್ಯಾಪ್‌ಟಾಪಿನದು ಡೆಸ್ಕ್‌ಟಾಪಿಗೆ ಹೊಂದುವುದಿಲ್ಲ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಇದನ್ನೆಲ್ಲ ಶುಲ್ಕ ಕಟ್ಟುವ ಮೊದಲು ತಿಳಿಯುವ ಹಕ್ಕು ಕಲಿಯುವವರಿಗಿದೆ.

ಇವು ಬ್ರೌಸರಿನಿಂದ ಗೊತ್ತಾಗುವುದಿಲ್ಲ ಎಂದು ನಿಮ್ಮ ತಾಂತ್ರಿಕ ವಿಭಾಗ ಹೇಳಬಹುದು. ಗೊತ್ತಾಗುತ್ತದೆ. ಕ್ರೋಮ್ ಮತ್ತು ಅದೇ ಎಂಜಿನ್ನಿನ ಬ್ರೌಸರ್‌ಗಳಲ್ಲಿ ವೆಬ್ ಪುಟವೇ ರ‍್ಯಾಮ್ ಸ್ಥೂಲವಾಗಿ ಎಷ್ಟಿದೆ ಎಂದು ಕೇಳಬಹುದು. ನಿರ್ದಿಷ್ಟ ಬಗೆಯ ವಿಡಿಯೊ ತಡವರಿಸದೆ ಓಡೀತೇ ಎಂದು ಬ್ರೌಸರಿನ ‘ಮೀಡಿಯಾ ಕೇಪಬಿಲಿಟೀಸ್’ ಸೌಲಭ್ಯದ ಮೂಲಕ ವಿಚಾರಿಸಬಹುದು. ಒಂದು ನಿಮಿಷದ ಪ್ರಾಯೋಗಿಕ ಕರೆ ಮಾಡಿ, ಬ್ರೌಸರಿನ ಕರೆ ವ್ಯವಸ್ಥೆಯಾದ ವೆಬ್‌ಆರ್‌ಟಿಸಿಯ ಅಂಕಿ ಓದಿದರೆ ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್ಟುಗಳೂ (ದತ್ತಾಂಶದ ತುಣುಕುಗಳೂ) ಏರಿಳಿತವೂ ಕೈಗೆ ಸಿಗುತ್ತವೆ. ಕೇಳಬಹುದಾದ ಪ್ರಶ್ನೆಯನ್ನು ಕೇಳದೆ ಹಸಿರು ಗುರುತು ಒತ್ತಿದ್ದೀರಿ ಎಂಬುದೇ ಈ ದೂರಿನ ತಿರುಳು.

ವಿಡಿಯೊ ಎಂದಾಗ ಇನ್ನೊಂದು ಮಾತು. ನಿಮ್ಮ ರೆಕಾರ್ಡ್ ಪಾಠಗಳು ಎವಿ1 ಎಂಬ ಹೊಸ ವಿಡಿಯೊ ಸಂಕೋಚನ ರೂಪದಲ್ಲಿ ಮಾತ್ರ ಬರುತ್ತಿವೆ. 2020ಕ್ಕಿಂತ ಹಿಂದಿನ ಮನೆ ಕಂಪ್ಯೂಟರ್‌ಗಳ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಎವಿ1 ಬಿಡಿಸುವ ಯಂತ್ರಾಂಶ ಇಲ್ಲ. ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಅಬ್ಬರಿಸುತ್ತದೆ, 1080ಪಿ ಪಾಠ ಕುಂಟುತ್ತದೆ. ಹಳೆಯ ಎಚ್.264 ರೂಪವನ್ನೂ ಇಟ್ಟರೆ ಹಳೆಯ ಯಂತ್ರಗಳಲ್ಲೂ ಸಲೀಸಾಗಿ ಓಡುತ್ತದೆ.

‘ಬ್ಲೂಟೂತ್ ಹೆಡ್‌ಫೋನ್ ಬಳಸಿ’ ಎಂದು ನಿಮ್ಮ ಪುಟ ಸಲಹೆ ಕೊಡುತ್ತದೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನ ಮೈಕ್ ಶುರುವಾದ ಕ್ಷಣ ಅದು ಸಂಗೀತದ ಪ್ರೊಫೈಲ್ ಬಿಟ್ಟು ದೂರವಾಣಿಯ ಪ್ರೊಫೈಲಿಗೆ ಜಾರುತ್ತದೆ. ಸ್ಟೀರಿಯೊ ಹೋಗಿ ಒಂದೇ ಚಾನೆಲ್ಲಿನ, ಡಬ್ಬದೊಳಗಿಂದ ಬಂದಂಥ ದನಿಯಾಗುತ್ತದೆ. ಭಾಷಾ ಕೋರ್ಸಿನಲ್ಲಿ ಉಚ್ಚಾರಣೆ ಕಲಿಯುವವರಿಗೆ ಇದಕ್ಕಿಂತ ಕೆಟ್ಟ ಸಲಹೆ ಬೇರೊಂದಿಲ್ಲ. ತಂತಿಯ ಯುಎಸ್‌ಬಿ ಹೆಡ್‌ಸೆಟ್ ಎಂದು ಬದಲಿಸಿ.

ಇನ್ನು ಪರೀಕ್ಷೆಯ ದಿನದ ಗೋಳು. ‘ವಿಂಡೋಸ್ 7 ಅಥವಾ ಮೇಲ್ಪಟ್ಟು’ ಎಂದು ಪುಟದಲ್ಲಿ ಇಂದಿಗೂ ಇದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಅದರ ಮೇಲೆ ಓಡುವ ಕೊನೆಯ ಕ್ರೋಮ್ ಆವೃತ್ತಿ 109. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ‘ಟಿಪಿಎಂ ಇಲ್ಲ’ ಎಂಬ ಸಂದೇಶ ಕಂಡೊಡನೆ ಯಂತ್ರ ಕೆಲಸಕ್ಕೆ ಬಾರದು ಎಂದು ಜನ ಕೈಚೆಲ್ಲುತ್ತಾರೆ. ಎಷ್ಟೋ ಸಲ ಅದು ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಹುಡುಕಿ ಆನ್ ಮಾಡಬೇಕು. ಕೋರ್ಸಿನ ಪರೀಕ್ಷೆ ಬರೆಯಲು ನೀವು ಕಡ್ಡಾಯ ಮಾಡಿರುವ ಪರೀಕ್ಷಾ ಬ್ರೌಸರ್ ಅಳವಡಿಸಲು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು. ಎಸ್ ಮೋಡ್‌ನಲ್ಲಿರುವ ವಿಂಡೋಸ್, ಸ್ಟೋರ್‌ನ ಆಪ್ ಬಿಟ್ಟು ಬೇರೇನನ್ನೂ ಒಳಗೆ ಬಿಡುವುದಿಲ್ಲ. ಆ ಮೋಡ್‌ನಿಂದ ಹೊರಬರಲು ಖರ್ಚಿಲ್ಲ, ಆದರೆ ಬಂದ ಮೇಲೆ ವಾಪಸ್ ಹೋಗುವಂತಿಲ್ಲ. ಇಂಥ ತೀರ್ಮಾನವನ್ನು ಪರೀಕ್ಷೆ ಶುರುವಾಗಲು ಹತ್ತು ನಿಮಿಷ ಇರುವಾಗ ಯಾರೂ ಮಾಡಬೇಕಾಗಿ ಬರಬಾರದು. ಆ ಬ್ರೌಸರಿನ ಕೊಂಡಿಯನ್ನು ನೀವು ಕಳಿಸುವುದು ಪರೀಕ್ಷೆಯ ಬೆಳಿಗ್ಗೆ.

‘ಸಂಪರ್ಕ ಸುರಕ್ಷಿತವಲ್ಲ’ ಎಂದು ನಿಮ್ಮ ತಾಣ ತೆರೆಯದೇ ಹೋದ ಹಳೆಯ ಡೆಸ್ಕ್‌ಟಾಪ್‌ಗಳಿಗೂ ಸಹಾಯವಾಣಿ ನೆಟ್ಟನ್ನೇ ದೂರಿದೆ. ಕಾರಣ ಮದರ್‌ಬೋರ್ಡಿನ ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ಲು. ಅದು ಸತ್ತರೆ ಸ್ವಿಚ್ ಆಫ್ ಮಾಡಿದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಆ ದಿನಾಂಕಕ್ಕೆ ನಿಮ್ಮ ತಾಣದ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿರುವುದಿಲ್ಲ. ಸೆಲ್ಲು ಬದಲಿಸಿ ತಾರೀಖು ಸರಿಪಡಿಸಲು ಐದು ನಿಮಿಷ ಸಾಕು. ‘ನಿಮ್ಮ ಕಂಪ್ಯೂಟರಿನ ಮೂಲೆಯಲ್ಲಿ ಇವತ್ತಿನ ತಾರೀಖು ಇದೆಯೇ?’ ಎಂದು ಸಹಾಯವಾಣಿಯವರು ಒಂದು ಮಾತು ಕೇಳಿದ್ದರೆ ಎಷ್ಟೋ ಜನರ ತರಗತಿ ತಪ್ಪುತ್ತಿರಲಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇದು. ಸಿದ್ಧತಾ ಪರೀಕ್ಷೆಯಲ್ಲಿ ಅಪ್‌ಲೋಡ್, ಏರಿಳಿತ, ಮೆಮೊರಿ, ಕ್ಯಾಮೆರಾ ಮತ್ತು ಮೈಕ್ ಅನುಮತಿ, ಗಡಿಯಾರ ಇವಿಷ್ಟನ್ನೂ ಸೇರಿಸಿ. ತಿಳಿಯದ್ದಕ್ಕೆ ಹಸಿರು ಹಾಕದೆ ‘ಪರೀಕ್ಷಿಸಿಲ್ಲ’ ಎಂದೇ ಬರೆಯಿರಿ. ಅಗತ್ಯಗಳ ಪುಟಕ್ಕೆ ಪರಿಷ್ಕರಿಸಿದ ದಿನಾಂಕ ಹಾಕಿ. ಪರೀಕ್ಷಾ ಬ್ರೌಸರನ್ನು ಕೋರ್ಸಿನ ಮೊದಲ ವಾರವೇ ಕೊಟ್ಟು ಅಣಕು ಪರೀಕ್ಷೆ ನಡೆಸಿ. ಹಸಿರು ಗುರುತು ನಂಬಿ ಶುಲ್ಕ ಕಟ್ಟಿ, ಮೇಲಿನ ಕಾರಣಗಳಿಂದ ತರಗತಿ ಕಳೆದುಕೊಂಡವರಿಗೆ ಶುಲ್ಕ ಹಿಂದಿರುಗಿಸಿ ಅಥವಾ ಮುಂದಿನ ತಂಡದಲ್ಲಿ ಉಚಿತವಾಗಿ ಸೇರಿಸಿಕೊಳ್ಳಿ. 15 ದಿನಗಳೊಳಗೆ ಲಿಖಿತ ಉತ್ತರ ಬೇಕು. ಸಿದ್ಧ ಉತ್ತರ ಬೇಡ, ಈ ಪತ್ರವನ್ನು ಓದಿದವರೇ ಬರೆದ ಉತ್ತರ ಬೇಕು. ಟಾಸ್ಕ್ ಮ್ಯಾನೇಜರ್ ಮತ್ತು ಪಿಂಗ್ ಫಲಿತಾಂಶಗಳ ಚಿತ್ರಗಳನ್ನು, ವಿದ್ಯಾರ್ಥಿಗಳ ಹೆಸರು ಅಳಿಸಿ, ಇದರೊಂದಿಗೆ ಲಗತ್ತಿಸಿದ್ದೇವೆ.

ಇಂತಿ,
ಮನೆ ಕಂಪ್ಯೂಟರ್ ಸಿದ್ಧತೆಯ ತಂತ್ರಜ್ಞರು