ಲ.ಸಾ.ಅ., ಮ.ಸಾ.ಅ. ಲೆಕ್ಕಗಳಿಗೆ ಸೂಚಕ ಪದಗಳ ಮೊರೆ ಬೇಡ

ಮಾನ್ಯ ಸಂಪಾದಕರೇ,

ಲಘುತ್ತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ಮತ್ತು ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಬಳಸಿ ಬಿಡಿಸಬೇಕಾದ ವಾಕ್ಯರೂಪದ ಲೆಕ್ಕಗಳಿಗೆ ಮಕ್ಕಳು ಒಂದು ಸುಲಭೋಪಾಯವನ್ನು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆಯಲ್ಲಿ ‘ಗರಿಷ್ಠ’ ಎಂದಿದ್ದರೆ ಮ.ಸಾ.ಅ., ‘ಕನಿಷ್ಠ’ ಅಥವಾ ‘ಮತ್ತೆ ಒಟ್ಟಿಗೆ’ ಎಂದಿದ್ದರೆ ಲ.ಸಾ.ಅ. ಎಂಬುದೇ ಆ ಉಪಾಯ. ಸಂಖ್ಯೆಗಳ ಕಡೆ ಕಣ್ಣೆತ್ತಿಯೂ ನೋಡದೆ ಉತ್ತರಕ್ಕೆ ಹಾರುವ ಈ ರೂಢಿಯನ್ನು ಕೈಬಿಟ್ಟು, ಅವಿಭಾಜ್ಯ ಅಪವರ್ತನದಿಂದಲೇ, ಅಂದರೆ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸುವುದರಿಂದಲೇ, ಲೆಕ್ಕ ಆರಂಭಿಸುವುದನ್ನು ಕಲಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಉಪಾಯ ಎಲ್ಲಿ ಕೈಕೊಡುತ್ತದೆ ನೋಡಿ. 840 ಸೆಂ.ಮೀ. ಉದ್ದ, 540 ಸೆಂ.ಮೀ. ಅಗಲದ ನೆಲಕ್ಕೆ ಒಂದೇ ಅಳತೆಯ ಚೌಕಾಕಾರದ ಟೈಲ್ಸ್‌ಗಳನ್ನು, ಒಂದನ್ನೂ ಕತ್ತರಿಸದೆ ಹಾಸಲು ಕನಿಷ್ಠ ಎಷ್ಟು ಟೈಲ್ಸ್ ಬೇಕು? ‘ಕನಿಷ್ಠ’ ಎಂಬ ಪದ ಕಂಡೊಡನೆ ಲ.ಸಾ.ಅ. ಹಿಡಿದವನಿಗೆ 7560 ಸಿಗುತ್ತದೆ. ಅದು ಟೈಲ್ಸ್ ಸಂಖ್ಯೆಯೂ ಅಲ್ಲ, ಅಳತೆಯೂ ಅಲ್ಲ. ಅಪವರ್ತಿಸಿದರೆ 840 = 2³×3×5×7, 540 = 2²×3³×5. ಟೈಲ್ಸ್‌ನ ಬದಿ ಎರಡೂ ಅಳತೆಗಳನ್ನು ನಿಶ್ಶೇಷವಾಗಿ ಭಾಗಿಸಬೇಕಾದ್ದರಿಂದ ಎರಡರಲ್ಲೂ ಇರುವಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು: 2²×3×5, ಅಂದರೆ 60 ಸೆಂ.ಮೀ. ಉದ್ದದಲ್ಲಿ ಉಳಿದ 2×7 ಮತ್ತು ಅಗಲದಲ್ಲಿ ಉಳಿದ 3² ತಾವಾಗಿಯೇ 14 ಮತ್ತು 9 ಎಂದು ಹೇಳುತ್ತವೆ. ಬೇಕಾದ ಟೈಲ್ಸ್ 126. ಬದಿ ಗರಿಷ್ಠವಾದಾಗಲೇ ಎಣಿಕೆ ಕನಿಷ್ಠವಾಗುತ್ತದೆ ಎಂಬುದನ್ನು ಯಾವ ಸೂಚಕ ಪದವೂ ತಿಳಿಸುವುದಿಲ್ಲ.

ಇನ್ನೊಂದು ಪರಿಚಿತ ಲೆಕ್ಕ: ಮೂರು ದೀಪಗಳು ಕ್ರಮವಾಗಿ 48, 72 ಮತ್ತು 108 ಸೆಕೆಂಡಿಗೊಮ್ಮೆ ಮಿನುಗುತ್ತವೆ, ಈಗ ಒಟ್ಟಿಗೆ ಮಿನುಗಿದರೆ ಮತ್ತೆ ಒಟ್ಟಿಗೆ ಮಿನುಗುವುದು ಯಾವಾಗ? ಇಲ್ಲಿ 48 = 2⁴×3, 72 = 2³×3², 108 = 2²×3³. ಪ್ರತಿ ಅವಿಭಾಜ್ಯದ ಅತಿ ದೊಡ್ಡ ಘಾತವನ್ನು ಆರಿಸಿದರೆ 2⁴×3³ = 432 ಸೆಕೆಂಡು, ಅಂದರೆ 7 ನಿಮಿಷ 12 ಸೆಕೆಂಡು. ಉತ್ತರಕ್ಕಿಂತ ಸ್ವಾರಸ್ಯಕರ ಸಂಗತಿ ಬೇರೆಯೇ ಇದೆ. 2⁴ ಬಂದದ್ದು 48ರಿಂದ, 3³ ಬಂದದ್ದು 108ರಿಂದ. 72 ಏನನ್ನೂ ಕೊಡಲಿಲ್ಲ. ಮೂರನ್ನೂ ಸಾಲಾಗಿ ಬರೆದು ಭಾಗಿಸುತ್ತ ಹೋಗುವ ವಿಧಾನದಲ್ಲೂ 432 ಬರುತ್ತದೆ, ಆದರೆ ಆ ನಡುವಿನ ದೀಪ ಲೆಕ್ಕಕ್ಕೆ ಬಾರದೆ ಹೋದದ್ದು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಲ.ಸಾ.ಅ., ಮ.ಸಾ.ಅ. ಎರಡಕ್ಕೂ ಸೇರದ ಪ್ರಶ್ನೆಗಳಿಗೂ ಇದೇ ದಾರಿ. 504 ಕುರ್ಚಿಗಳನ್ನು ಸಮನಾದ ಸಾಲುಗಳಲ್ಲಿ ಎಷ್ಟು ಬಗೆಯಲ್ಲಿ ಜೋಡಿಸಬಹುದು? 504 = 2³×3²×7 ಆದ್ದರಿಂದ, ಪ್ರತಿ ಘಾತಾಂಕಕ್ಕೂ ಒಂದು ಕೂಡಿಸಿ ಗುಣಿಸಿದರೆ 4×3×2 = 24 ಬಗೆ. ಒಂದು ಕುರ್ಚಿ ಕಡಿಮೆಯಾಗಿ 503 ಉಳಿದರೆ, ಅದು ಅವಿಭಾಜ್ಯವಾದ್ದರಿಂದ, ಒಂದೇ ಸಾಲು ಅಥವಾ ಸಾಲಿಗೊಂದು ಕುರ್ಚಿ, ಅಷ್ಟೇ.

ಹೇಗೆ ಬಿಡಿಸಿದರೂ ಕೊನೆಗೆ ಉಳಿಯುವ ಅವಿಭಾಜ್ಯಗಳು ಅವೇ ಎಂಬ ಭರವಸೆಯ ಮೇಲೆ ಇದೆಲ್ಲ ನಿಂತಿದೆ. 84ನ್ನು ಒಬ್ಬಳು 4×21 ಎಂದೂ ಮತ್ತೊಬ್ಬಳು 7×12 ಎಂದೂ ಆರಂಭಿಸಿದರೂ ಇಬ್ಬರೂ ತಲುಪುವುದು 2²×3×7ಕ್ಕೇ. ಅಂಕಗಣಿತದ ಮೂಲಭೂತ ಪ್ರಮೇಯವೆನಿಸಿದ ಇದನ್ನು ಜರ್ಮನ್ ಗಣಿತಜ್ಞ ಗೌಸ್ 1801ರಲ್ಲಿ ಸ್ಪಷ್ಟವಾಗಿ ನಿರೂಪಿಸಿ ಸಾಧಿಸಿದರು.

ವಿಧಾನಕ್ಕೆ ಮಿತಿಯಿಲ್ಲವೆಂದು ನಾನು ಹೇಳುತ್ತಿಲ್ಲ. 1073 ಮತ್ತು 1147ರ ಮ.ಸಾ.ಅ. ಕೇಳಿದರೆ ಅಪವರ್ತಿಸುತ್ತ ಕೂರುವುದು ಕಾಲಹರಣ. ಯೂಕ್ಲಿಡ್‌ನ ಭಾಗಾಕಾರ ಕ್ರಮದಲ್ಲಿ (ದೊಡ್ಡದನ್ನು ಚಿಕ್ಕದರಿಂದ, ಆಮೇಲೆ ಪ್ರತಿ ಭಾಜಕವನ್ನು ಅದರ ಶೇಷದಿಂದ ಭಾಗಿಸುತ್ತ ಹೋದರೆ) ಶೇಷಗಳು 74, 37, 0 ಎಂದು ಮೂರೇ ಹೆಜ್ಜೆಯಲ್ಲಿ 37 ಸಿಗುತ್ತದೆ. ಯಾವುದನ್ನು ಯಾವಾಗ ಬಳಸಬೇಕೆಂಬ ವಿವೇಚನೆಯೂ ಪಾಠದ ಭಾಗವಾಗಲಿ.

ಪ್ರಶ್ನೆಪತ್ರಿಕೆ ರೂಪಿಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ದೀಪಗಳ ಲೆಕ್ಕ ಕೇಳಿದ ಮೇಲೆ, ‘72 ಸೆಕೆಂಡಿನ ದೀಪ ಕೆಟ್ಟುಹೋದರೆ ಉತ್ತರ ಬದಲಾಗುತ್ತದೆಯೇ? ಕಾರಣ ಕೊಡಿ’ ಎಂಬ ಉಪಪ್ರಶ್ನೆಯೊಂದನ್ನು ಸೇರಿಸಿ, ಅದಕ್ಕೂ ಅಂಕ ಮೀಸಲಿಡಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಗಣಿತ ಅಧ್ಯಾಪಕ