ಅಡುಗೆ ಅಕ್ಕನಿಗೆ, ಉಳಿದ ಎಲ್ಲರಿಗೂ

ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಒಂದು ವರ್ಷ ತಡವಾಗಿ. ಹೋದ ವರ್ಷ ಜನವರಿಯಲ್ಲಿ ಏನಾಯಿತು ಅನ್ನುವುದು ಹತ್ತಿರದವರಿಗೆ ಗೊತ್ತು. ಉಳಿದವರಿಗೆ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಇದನ್ನು ಹಾಕುವ ಮುಂಚೆ ಅವಳಿಗೆ ಓದಲು ಕೊಟ್ಟೆ. ತನ್ನ ಬಗ್ಗೆ ಇದ್ದ ಎರಡು ಸಾಲು ಹೊಡೆದು ಹಾಕಿದಳು. ನನ್ನ ಬಗ್ಗೆ ಇರುವ ಒಂದು ಸಾಲು ಮಾತ್ರ ಇರಲಿ ಅಂದಳು. ಅದು ಮುಂದೆ ಬರುತ್ತದೆ.

ಕೇಳದೆಯೇ ಮುಂಗಡ ಕೊಟ್ಟ ಕೊಬ್ಬರಿ ಮಂಡಿಯ ಸಾಹುಕಾರರಿಗೆ, ನೋಟ್ಸ್ ಜೆರಾಕ್ಸ್ ಮಾಡಿಸಿ ಮನೆಗೇ ಕಳಿಸಿದ ಕ್ಲಾಸ್ ಟೀಚರ್‌ಗೆ, ತೋಟಕ್ಕೆ ನೀರು ಬಿಟ್ಟ ಅಣ್ಣನಿಗೆ, ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನ ಡಾಕ್ಟರು, ನರ್ಸಮ್ಮಂದಿರು, ಆಯಾಗಳಿಗೆ ಕೈಮುಗಿದು ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾನು ಬರೆಯಲು ಕೂತಿದ್ದು ಇನ್ನೊಬ್ಬರ ಬಗ್ಗೆ.

ಮಗಳ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ. ಹೆಸರು ಹಾಕಿದರೆ ಬೈತಾರೆ. ನಮಗೆ ನೆಂಟರಲ್ಲ, ನಮ್ಮ ಬೀದಿಯವರೂ ಅಲ್ಲ. ಅಮ್ಮ ಹೋದ ಮೇಲೆ ಮಗಳು ಅನ್ನ ಕಲಸಿ ಹಾಗೇ ಬಿಟ್ಟು ಏಳುವುದನ್ನು ಮೊದಲು ಗಮನಿಸಿದ್ದು ಅವರು. ನಾನಲ್ಲ. ಎರಡು ಸಲ ಮನೆಗೆ ಬಂದು, "ಅಣ್ಣಾ, ಮಗು ಮೊದಲಿನ ಹಾಗಿಲ್ಲ, ನೋಡಿ" ಅಂದರು. ನಾನು ತಾಯಿತ ಕಟ್ಟಿಸಿದೆ. ಆಮೇಲೆ ಒಂದು ಕಡೆ ತೋರಿಸಿದೆ. ವಯಸ್ಸಿನ ಹಠ, ಮೊಬೈಲ್ ಕಿತ್ತುಕೊಳ್ಳಿ ಅಂದು ಟಾನಿಕ್ ಬರೆದು ಕಳಿಸಿದರು. ನಾನೂ ನಿರಾಳವಾಗಿ ಮನೆಗೆ ಬಂದೆ. ಹಠ ಅಂದುಬಿಟ್ಟರೆ ಅಪ್ಪನಿಗೆ ಸುಲಭ, ಅಲ್ವಾ?

ಜನವರಿಯ ಆ ರಾತ್ರಿ ಒಂದೂವರೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರಿಂದಲೇ ಇದೆಯಂತೆ. ಅವಳನ್ನು ಒಬ್ಬಳೇ ಬಿಡಬೇಡಿ, ಬೈಯಬೇಡಿ, ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ ಅಂದರು. ಆಮೇಲೆ, "ಮನೇಲಿ ನಿಮ್ಮ ಜೊತೆ ಇನ್ನೊಬ್ಬರು ಯಾರಾದರೂ ಇದ್ದಾರಾ ಸರ್?" ಅಂತ ಕೇಳಿದರು. ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

ಮಗನ ಟಿವಿಎಸ್ ಮೇಲೆ ಬಂದರು. ಅವರು ಒಳಗೆ ಕಾಲಿಟ್ಟಾಗ ನಾನು ಮಗಳ ಮೇಲೆ ಕೈ ಎತ್ತಿದ್ದೆ. ಇದೇ ಆ ಸಾಲು. ಬೈಯಬೇಡಿ ಅಂತ ಫೋನಲ್ಲಿ ಹೇಳಿಸಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ. ಯಾಕೆ ಎತ್ತಿದೆ ಅಂದರೆ ಉತ್ತರವಿಲ್ಲ. ಹೆದರಿದ್ದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಚೀಲ ನೆಲದ ಮೇಲೆ ಸುರಿದರು. ಅವರೆಕಾಯಿ! ಇಂಥ ಹೊತ್ತಲ್ಲಿ ಇದೇನು ಅಂತ ನನಗೆ ಮೈಯೆಲ್ಲ ಉರಿಯಿತು. "ಪುಟ್ಟಿ, ಮೊರ ಎಲ್ಲೈತೆ?" ಅಂದರು, ಏನೂ ಆಗದವರ ಹಾಗೆ. ಸಂಜೆಯಿಂದ ಬಾಯಿ ಬಿಡದವಳು ಅಡುಗೆಮನೆ ಕಡೆ ಕೈ ತೋರಿಸಿದಳು. ಇಬ್ಬರೂ ಗೋಡೆಗೆ ಒರಗಿ ಕೂತರು. ಅಕ್ಕ ಒಂದು ಕಾಯಿ ಅವಳ ಕೈಗೆ ಕೊಡುವುದು, ಒಂದು ತಾವು ತೆಗೆದುಕೊಳ್ಳುವುದು. ತುದಿ ಮುರಿಯುವುದು, ನಾರು ಎಳೆಯುವುದು, ಹೆಬ್ಬೆರಳಲ್ಲಿ ಕಾಳು ಮೊರಕ್ಕೆ ತಳ್ಳುವುದು. ಸೊಗಡಿನ ವಾಸನೆ ಮನೆಯೆಲ್ಲ ತುಂಬಿತು. ಎಷ್ಟೋ ಹೊತ್ತಾದ ಮೇಲೆ ಮಗಳು, "ಅಕ್ಕ, ಇದರಲ್ಲಿ ಹುಳ ಇದೆ" ಅಂದಳು. "ಇರ್ಲಿ ಬಿಡೆ, ಅದೂ ಒಂದು ಕಾಯಿ ತಿನ್ಲಿ." ನಾನು ಹಿತ್ತಲಿಗೆ ಹೋಗಿ ಅತ್ತೆ.

ನಾಲ್ಕೂವರೆಗೆ ಕಾಯಿ ಮುಗಿಯಿತು. ಸಾಹುಕಾರರ ಕಾರಿನಲ್ಲಿ ಮೂವರೂ ತಿಪಟೂರು ಬಿಟ್ಟೆವು.

ನಿಮ್ಹಾನ್ಸ್‌ನಲ್ಲಿ ಡಾಕ್ಟರುಗಳು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿದರು, ಅಡ್ಮಿಟ್ ಮಾಡಬೇಕು ಅಂದರು. 18 ತುಂಬದ ಮಗುವನ್ನು ಸೇರಿಸಿದರೆ ಕೊನೆಯ ದಿನದವರೆಗೂ ಮನೆ ಕಡೆಯವರೊಬ್ಬರು ಜೊತೆಗಿರಲೇಬೇಕು. ಹೆಣ್ಣುಮಗುವಿಗೆ ಅಪ್ಪ ಮಾತ್ರ ಇದ್ದರೆ ಸಾಲದು, ಹೆಂಗಸೊಬ್ಬರು ಇರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಹಾಗಿದೆಯಂತೆ. ಸರಿಯಾದ ನಿಯಮವೇ, ನಾನು ಒಪ್ಪುತ್ತೇನೆ. ಆದರೆ ಫಾರಂ ಹಿಡಿದು ಕಾರಿಡಾರಿನಲ್ಲಿ ನಿಂತು ಐದು ಜನ ನೆಂಟರಿಗೆ ಫೋನ್ ಮಾಡಿದೆ. ಒಬ್ಬರ ಮಗನಿಗೆ ಪರೀಕ್ಷೆ. ಒಬ್ಬರಿಗೆ ಸೊಂಟ ನೋವು. ಒಬ್ಬರು, "ಆ ಆಸ್ಪತ್ರೆನಾ? ಹುಡುಗಿ ಮದುವೆ ಕತೆ ಏನೋ" ಅಂದರು. ಆರನೇ ನಂಬರ್ ಹುಡುಕುತ್ತಿದ್ದಾಗ ಅಕ್ಕ ನನ್ನ ಕೈಯಿಂದ ಫಾರಂ ತೆಗೆದುಕೊಂಡು ನರ್ಸಮ್ಮನಿಗೆ ಕೊಟ್ಟರು. "ನಾನಿರ್ತೀನಿ, ಬರ್ಕೊಳ್ಳಿ."

ಉಟ್ಟ ಸೀರೆಯಲ್ಲಿ ಬಂದವರು 19 ದಿನ ಇದ್ದರು. ಊರಲ್ಲಿ ಶಾಲೆಯ ಒಲೆ ನೋಡಿಕೊಂಡಿದ್ದು ಅವರ ನಾದಿನಿ. ಅವರಿಗೂ ನಾನು ಋಣಿ. ನಾನು ಅಲ್ಲೇ ಧರ್ಮಶಾಲೆಯಲ್ಲಿ ಮಲಗುತ್ತಿದ್ದೆ. ಡಾಕ್ಟರು ದೊಡ್ಡವರಿಗೆ ಹೇಳಿದ್ದನ್ನೆಲ್ಲ ಅಕ್ಕ ನೆನಪಿಟ್ಟುಕೊಂಡು ಸಂಜೆ ನನಗೆ ಒಪ್ಪಿಸುತ್ತಿದ್ದರು. "ಅವಳು ಮಾತಾಡೋವಾಗ ಮಧ್ಯೆ ಬಾಯಿ ಹಾಕಬಾರದಂತೆ ಅಣ್ಣಾ. ಇದು ನಿಮಗೇ ಹೇಳಿದ್ದು."

ಡಿಸ್ಚಾರ್ಜ್ ದಿನ ಗೇಟಿನ ಹತ್ತಿರ ಒಂದು ಕವರ್ ಕೊಡಲು ಹೋದೆ. ದಿನಗಳ ಲೆಕ್ಕ ಹಾಕಿ ಇಟ್ಟಿದ್ದೆ. ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು, ಬೇರೇನು ಗೊತ್ತು? "ಲೆಕ್ಕ ಮಂಡಿಲಿ ಇಟ್ಕೊಳ್ಳಿ" ಅಂದು ಮುಂದೆ ನಡೆದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ನಮ್ಮ ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ. ಮನೋಚೈತನ್ಯ ಅಂತ ಬೋರ್ಡಿದೆ, ಮಾತ್ರೆಗೆ ದುಡ್ಡಿಲ್ಲ. ಹೀಗೆ ಜಿಲ್ಲೆಗಳಲ್ಲೇ ನೋಡುವ ಪದ್ಧತಿಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಬಳ್ಳಾರಿಯಲ್ಲಿ ಮಾಡಿ ನೋಡಿದ್ದರಂತೆ, ಆಮೇಲೆ ಅದು ದೇಶಕ್ಕೆಲ್ಲ ಹೋಯಿತಂತೆ. ನನಗೆ ಮಾತ್ರ ಮಗಳಿಗೆ ಹದಿನೈದು ತುಂಬಿದ ಮೇಲೆ ಗೊತ್ತಾಯಿತು. ಆ ಬೋರ್ಡಿನ ಮುಂದೆ ವಾರಕ್ಕೆರಡು ಸಲ ಸೈಕಲ್ ತುಳಿದುಕೊಂಡು ಹೋಗುತ್ತಿದ್ದವನು.

ಎಲ್ಲ ಸರಿಹೋಯಿತು ಅಂತಲ್ಲ. ಮಾತ್ರೆ ಇನ್ನೂ ಇದೆ. ಕೆಲವು ದಿನ ರೂಮಿನ ಬಾಗಿಲು ಜಾಸ್ತಿ ಹೊತ್ತು ಮುಚ್ಚಿದ್ದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಆಗ ಸುಮ್ನೆ, "ಕಾಫಿ ಕುಡೀತೀಯಾ?" ಅಂತ ಕೂಗುತ್ತೇನೆ. ಒಳಗಿಂದ, "ಅಪ್ಪಾ, ಈಗ ತಾನೇ ಕುಡಿದ್ನಲ್ಲ" ಅಂತ ಬರುತ್ತದೆ.

ಬರುವ ಮಂಗಳವಾರ ಮತ್ತೆ ಆಸ್ಪತ್ರೆಗೆ ಹೋಗಬೇಕು. ಅಕ್ಕನೂ ಬರುತ್ತಾರಂತೆ. ಮೊಣಕಾಲು ತುಂಬಾ ನೋಯುತ್ತಿದೆ, ಕೆಳಗೆ ಕೂತರೆ ಏಳಲಾಗುತ್ತಿಲ್ಲ. ಅವರ ಚೀಟಿ ನಾನು ಮಾಡಿಸುತ್ತೇನೆ ಅಂದೆ. ಅದಕ್ಕೆ ಮಾತ್ರ ಬೈಯಲಿಲ್ಲ.