‘ಕಟ್ ಪೀಸ್’ ಗೋಡೆ: ತೂಗುಹಾಕುವ ಮುನ್ನ ಓದಿ

ಎಲ್ಲರ ಗಮನಕ್ಕೆ. ಕಾರವಾರದ ಪ್ರದರ್ಶನದಲ್ಲಿ ದೊಡ್ಡ ಗೋಡೆ ಜಪಾನಿ ಕಲಾವಿದೆ ಯೋಕೊ ಓನೊ ಪ್ರೇಕ್ಷಕರೆದುರು ತಾವೇ ಕೂತು ನಡೆಸಿದ ಕೃತಿ ‘ಕಟ್ ಪೀಸ್’ನ ಫೋಟೊಗಳಿಗೇ ಇರಲಿ. ಅದು ಮೊದಲು ನಡೆದದ್ದು 1964ರಲ್ಲಿ ಕ್ಯೋಟೊದಲ್ಲಿ, ನಂತರ ಅದೇ ವರ್ಷ ಟೋಕಿಯೊದಲ್ಲಿ, 1965ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲ್‌ನಲ್ಲಿ. ಫಲಕದಲ್ಲಿ ಇವನ್ನು ಕಲಸಬೇಡಿ. ಸಾಕ್ಷ್ಯಚಿತ್ರ ನಿರ್ದೇಶಕರಾದ ಮೇಸಲ್ಸ್ ಸಹೋದರರು ಚಿತ್ರೀಕರಿಸಿದ್ದು ನ್ಯೂಯಾರ್ಕಿನದು.

‘ಬಟ್ಟೆ ಹರಿದರು’ ಎಂದು ಬರೆದರೆ ಕೃತಿಯೇ ಕೆಡುತ್ತದೆ. ಓನೊ ಕತ್ತರಿಯನ್ನು ಮುಂದಿಟ್ಟು ಅಲುಗಾಡದೆ ಕೂತರು. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಉಡುಪಿನ ಚೂರು ಕತ್ತರಿಸಿಕೊಂಡರು. ಯಾವಾಗ ಮುಗಿಸಬೇಕೆಂಬುದು ಕೂತವರ ತೀರ್ಮಾನ. ಈ ಸೂಚನೆಗಳೇ ಕೃತಿಯ ಜೀವ, ಹಾಗಾಗಿ ಅವುಗಳ ಕನ್ನಡ ಪಾಠ ಫೋಟೊಗಳಿಗಿಂತ ಮೊದಲು, ಬಾಗಿಲ ಬಳಿಯೇ ಬರಬೇಕು.

ಇನ್ನು ನಮ್ಮ ಕಡಲ ಹವೆ. ತೇವಕ್ಕೆ ಫೋಟೊ ಗಾಜಿಗೆ ಅಂಟಿದರೆ ಬಿಡಿಸುವಾಗ ಮೇಲ್ಪದರವೇ ಕಿತ್ತುಬರುತ್ತದೆ. ನಡುವೆ ಮೌಂಟ್ ಬೋರ್ಡ್ (ಫೋಟೊ ಸುತ್ತ ಕೂರಿಸುವ ದಪ್ಪ ರಟ್ಟು) ಇರಲೇಬೇಕು. ಚೌಕಟ್ಟಿನ ಹಿಂದೆ, ಕೆಳಗಿನ ಎರಡೂ ಮೂಲೆಗೆ ರಬ್ಬರ್ ತುಂಡು ಅಂಟಿಸಿ, ಗಾಳಿ ಆಡಲಿ. ಚಿರೆಕಲ್ಲಿನ ಗೋಡೆಗೆ ಬರೀ ಮೊಳೆ ಹೊಡೆದರೆ ಗಿಲಾವು ಉದುರುತ್ತದೆ. ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಕಬ್ಬಿಣದ್ದಾದರೆ ತುಕ್ಕಿನ ಕಲೆ ಇಳಿಯುತ್ತದೆ. ಚಿತ್ರದ ನಡುಮಧ್ಯ ನೆಲದಿಂದ 145 ಸೆಂ.ಮೀ. ಇರಲಿ.

ಪ್ರೊಜೆಕ್ಟರನ್ನು ಏಸಿ ಕೋಣೆಯಿಂದ ತಂದ ಕೂಡಲೇ ಹಚ್ಚಬೇಡಿ, ಲೆನ್ಸಿನ ಮೇಲೆ ನೀರ ಪಸೆ ಕೂರುತ್ತದೆ. ಚೀಲದಲ್ಲೇ ಅರ್ಧ ಗಂಟೆ ಬಿಡಿ. ಮೇಸಲ್ಸ್ ಸಹೋದರರ ಚಲನಚಿತ್ರ 4:3 ಅಗಲ-ಎತ್ತರದ ಅಳತೆಯಲ್ಲೇ ಬರಲಿ, ಪರದೆ ತುಂಬಲೆಂದು ಎಳೆಯಬೇಡಿ.

ಉದ್ಘಾಟನೆಯ ದಿನ ಯಾರನ್ನಾದರೂ ಕೂರಿಸಿ ‘ಕಟ್ ಪೀಸ್’ ಮಾಡಿಸೋಣ ಎಂಬ ಸಲಹೆ ಬಂದಿದೆ. ದಯವಿಟ್ಟು ಬೇಡ. ಕೂತವರ ಪೂರ್ಣ ಒಪ್ಪಿಗೆಯಿಲ್ಲದೆ ಕತ್ತರಿ ಹೊರಗೆ ಬರಬಾರದು.